ಮುಂದಿನ ಸಂಖ್ಯೆ ಯಾವುದು? ಗರಿಕೆ, ರಂಗೋಲಿ, ಭಾಮಿನಿಯಲ್ಲಿ ನಿಯಮ ಹುಡುಕುವ ಬಗೆ

ಹೊಸ ಕ್ಯಾಲೆಂಡರ್ ಮನೆಗೆ ಬಂದರೆ ಇಡಗುಂಜಿಯ ಕಡೆಯವರು ಚೌತಿ ಎಂದು ಬಂತು ಎಂದು ನೋಡದೆ ಅದನ್ನು ಗೋಡೆಗೆ ತೂಗುಹಾಕುವುದಿಲ್ಲ. ಹೊನ್ನಾವರ ತಾಲೂಕಿನ ಈ ಊರು ಮಹಾಗಣಪತಿಯ ಊರು. ಮಣ್ಣಿನ ಮೂರ್ತಿ ಹೇಳುವುದು, ಫಲಾವಳಿ ಕಟ್ಟುವುದು, ದೂರದ ಮಕ್ಕಳು ರಜೆ ಹಾಕಿ ಬರುವುದು, ಎಲ್ಲಕ್ಕೂ ಆ ಒಂದು ದಿನಾಂಕವೇ ಆಧಾರ.

ಆ ದಿನಾಂಕಗಳನ್ನೇ ಒಂದು ಲೆಕ್ಕವಾಗಿ ನೋಡೋಣ. 2018ರಲ್ಲಿ ಚೌತಿ ಬಂದದ್ದು ಸೆಪ್ಟೆಂಬರ್ 13ರಂದು. 2019ರಲ್ಲಿ ಸೆಪ್ಟೆಂಬರ್ 2. 2020ರಲ್ಲಿ ಆಗಸ್ಟ್ 22. ಚುರುಕಾದ ಹುಡುಗಿಯೊಬ್ಬಳು ಈ ಮೂರನ್ನು ಬರೆದುಕೊಂಡರೆ ಅವಳ ಕಣ್ಣಿಗೆ ತಕ್ಷಣ ಬೀಳುವುದು ಒಂದೇ ವಿಷಯ: ಹಬ್ಬ ವರ್ಷಕ್ಕೆ ಸರಿಯಾಗಿ 11 ದಿನ ಹಿಂದೆ ಬರುತ್ತಿದೆ. ಹಾಗಾದರೆ 2021ರಲ್ಲಿ ಚೌತಿ ಆಗಸ್ಟ್ 11ಕ್ಕೆ ಬರಬೇಕು. ಬಂದದ್ದು ಸೆಪ್ಟೆಂಬರ್ 10ಕ್ಕೆ. ಅವಳು ಹೇಳಿದ್ದಕ್ಕಿಂತ ಸರಿಯಾಗಿ 30 ದಿನ ತಡವಾಗಿ.

ಹುಡುಗಿ ಯೋಚಿಸಿದ ದಾರಿ ತಪ್ಪಲ್ಲ. ಅವಳು ಅರ್ಧ ದಾರಿಯಲ್ಲಿ ನಿಂತಳು, ಅಷ್ಟೇ. ಸಂಖ್ಯೆಗಳ ಸಾಲು ನೋಡಿ ನಿಯಮ ಹಿಡಿಯುವುದನ್ನು ಶಾಲೆ ಕಲಿಸುತ್ತದೆ, ಸ್ಪರ್ಧಾತ್ಮಕ ಪರೀಕ್ಷೆಗಳು ಕೇಳುತ್ತವೆ. ಆದರೆ ಉಳಿದರ್ಧ ದಾರಿಯನ್ನು, ಅಂದರೆ ಹಿಡಿದ ನಿಯಮ ನಿಜವೇ ಎಂದು ತಿಳಿಯುವ ಬಗೆಯನ್ನು, ನಾವು ಮಕ್ಕಳಿಗೆ ಕಲಿಸುವುದು ಕಡಿಮೆ. ಪೂರ್ತಿ ದಾರಿಯನ್ನು ನಮ್ಮ ಸುತ್ತಲಿನ ಗರಿಕೆ, ರಂಗೋಲಿ, ಪದ್ಯಗಳ ಜೊತೆ ನಡೆದು ನೋಡುವುದು ಈ ಲೇಖನದ ಉದ್ದೇಶ. ಪೆನ್ಸಿಲ್, ಹಾಳೆ ಹತ್ತಿರ ಇಟ್ಟುಕೊಂಡು ಓದಿ.

ಅನುಗಮನ ಎಂದರೆ

ಕೆಲವು ಉದಾಹರಣೆಗಳನ್ನು ನೋಡಿ, ಅವುಗಳಲ್ಲಿ ಸಮಾನವಾದದ್ದನ್ನು ಗುರುತಿಸಿ, ಎಲ್ಲಕ್ಕೂ ಸಲ್ಲುವ ನಿಯಮವನ್ನು ಊಹಿಸುವುದಕ್ಕೆ ಅನುಗಮನ ಎಂದು ಹೆಸರು. ಗೊತ್ತಿರುವ ನಿಯಮದಿಂದ ಹೊರಟು ಒಂದು ನಿರ್ದಿಷ್ಟ ಸಂಗತಿಗೆ ಬರುವುದು ನಿಗಮನ. ಪಡುವಣ ಕಪ್ಪಾದಾಗ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಬಾಚಿ ಒಳಗೆ ತರುತ್ತೇವಲ್ಲ, ಅದು ಅನುಗಮನದ ಬುದ್ಧಿ. ಹಿಂದೆ ಹತ್ತಾರು ಸಲ ಹೀಗೆ ಕಪ್ಪಾದಾಗ ಮಳೆ ಬಂದಿತ್ತು, ಈಗಲೂ ಬರಬಹುದು ಎಂಬ ಊಹೆ. ಒಮ್ಮೊಮ್ಮೆ ಮಳೆ ಬಾರದೆ ಮೋಡ ಚದುರಿಹೋಗುವುದೂ ಉಂಟು. ಅನುಗಮನದ ಬಲವೂ ಅದೇ, ಮಿತಿಯೂ ಅದೇ. ಅದು ದಾರಿ ತೋರಿಸುತ್ತದೆ, ಖಾತ್ರಿ ಕೊಡುವುದಿಲ್ಲ. ಖಾತ್ರಿ ಬೇಕಾದರೆ ಕಾರಣ ಹುಡುಕಬೇಕು.

ಕೆಲಸವನ್ನು ಐದು ಹೆಜ್ಜೆಗಳಾಗಿ ಮಾಡಿಕೊಂಡರೆ ಯಾವ ಸಾಲನ್ನೂ ಧೈರ್ಯದಿಂದ ಎದುರಿಸಬಹುದು.

1. ಚಿಕ್ಕದರಿಂದ ಎಣಿಸಿ, ಬರೆಯಿರಿ. ಮೇಲಿನ ಸಾಲಿನಲ್ಲಿ 1, 2, 3, 4 ಎಂದು ಕ್ರಮಸಂಖ್ಯೆ, ಅದರ ಕೆಳಗೆ ಸಿಕ್ಕ ಸಂಖ್ಯೆ. ಕನಿಷ್ಠ ಐದು ಮನೆಗಳನ್ನಾದರೂ ತುಂಬಿಸಿ.
2. ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ತೆಗೆಯಿರಿ. ಅದರಲ್ಲಿ ಏನೂ ಕಾಣದಿದ್ದರೆ ವ್ಯತ್ಯಾಸಗಳ ವ್ಯತ್ಯಾಸ ತೆಗೆಯಿರಿ.
3. ಕಂಡದ್ದನ್ನು ಮೊದಲು ಮಾತಿನಲ್ಲಿ ಹೇಳಿ. ಸೂತ್ರ ಆಮೇಲೆ.
4. ಮುಂದಿನ ಸಂಖ್ಯೆಯನ್ನು ಎಣಿಸುವ ಮೊದಲೇ ಹೇಳಿ, ಹಾಳೆಯ ಮೇಲೆ ಬರೆದಿಡಿ. ಆಮೇಲೆ ನಿಜವಾಗಿ ಎಣಿಸಿ ನೋಡಿ.
5. ಹೊಂದಿದರೂ ಬಿಡಬೇಡಿ. ಹೀಗೆ ಯಾಕೆ ಆಗುತ್ತದೆ ಎಂದು ಕೇಳಿ.

ಎರಡನೆಯ ಹೆಜ್ಜೆಗೆ ಒಂದು ಕೈದೀವಿಗೆ. ವ್ಯತ್ಯಾಸ ಪ್ರತಿ ಸಲವೂ ಒಂದೇ ಆಗಿದ್ದರೆ ಅದು ಹತ್ತನೆಯ ತರಗತಿಯವರು ಓದುವ ಸಮಾಂತರ ಶ್ರೇಢಿ. ನಿಯಮದಲ್ಲಿ ಬರೀ ಗುಣಾಕಾರ, ಸಂಕಲನ ಇರುತ್ತದೆ. ವ್ಯತ್ಯಾಸದ ವ್ಯತ್ಯಾಸ ಒಂದೇ ಆಗಿದ್ದರೆ ನಿಯಮದಲ್ಲಿ ವರ್ಗ ಇರುತ್ತದೆ. ಪ್ರತಿ ಸಂಖ್ಯೆಯೂ ಹಿಂದಿನದರ ಇಷ್ಟು ಪಟ್ಟು ಎಂದು ಬಂದರೆ ಅದು ಗುಣೋತ್ತರ ಶ್ರೇಢಿ. ವ್ಯತ್ಯಾಸ ತೆಗೆದಾಗ ಅದೇ ಸಾಲು ಸ್ವಲ್ಪ ಸರಿದು ಮತ್ತೆ ಕಾಣಿಸಿಕೊಂಡರೆ, ಹಿಂದಿನ ಎರಡನ್ನು ಕೂಡಿಸಿ ಮುಂದಿನದು ಬರುತ್ತಿದೆಯೇ ಎಂದು ನೋಡಿ.

ಇಪ್ಪತ್ತೊಂದು ಗರಿಕೆ

ಗಣಪತಿಗೆ 21 ಗರಿಕೆ ಏರಿಸುವುದು ಎಲ್ಲರಿಗೂ ಗೊತ್ತು. ಚೌತಿಯ ಹಿಂದಿನ ಸಂಜೆ ಮಕ್ಕಳು ಗರಿಕೆ ಕೊಯ್ದು ತಂದು ಎಣಿಸಿ ಕಟ್ಟುವಾಗ ಈ ಆಟ ಆಡಿಸಬಹುದು. ಚಾಪೆಯ ಮೇಲೆ ಮೊದಲ ಸಾಲಿನಲ್ಲಿ 1 ಗರಿಕೆ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3, ಹೀಗೆ ಇಡುತ್ತ ಹೋಗಲಿ. ಪ್ರತಿ ಸಾಲು ಮುಗಿದಾಗ ಒಟ್ಟು ಎಷ್ಟಾಯಿತು ಎಂದು ಬರೆಯಲಿ: 1, 3, 6, 10, 15, 21. ಆರನೆಯ ಸಾಲಿಗೆ ಸರಿಯಾಗಿ 21. ಪೂಜೆಯ 21ಕ್ಕೂ ಈ ತ್ರಿಕೋನಕ್ಕೂ ಶಾಸ್ತ್ರದಲ್ಲಿ ನಂಟಿದೆ ಎಂದು ಹೇಳುತ್ತಿಲ್ಲ. ಎಣಿಸುವ ಮಕ್ಕಳಿಗೆ ಇದೊಂದು ಒಳ್ಳೆಯ ಅನುಕೂಲ.

ವ್ಯತ್ಯಾಸ ತೆಗೆದರೆ 2, 3, 4, 5, 6. ಮಾತಿನಲ್ಲಿ ಹೇಳುವುದಾದರೆ, ಎಷ್ಟನೆಯ ಸಾಲೋ ಅಷ್ಟು ಗರಿಕೆ ಹೊಸದಾಗಿ ಸೇರುತ್ತದೆ. ಏಳನೆಯ ಸಾಲಿಗೆ 28 ಆಗಬೇಕು. ಇಟ್ಟು ನೋಡಿದರೆ ಆಗುತ್ತದೆ.

ಇದು ಒಂದು ಬಗೆಯ ನಿಯಮ: ಹಿಂದಿನದು ಗೊತ್ತಿದ್ದರೆ ಮುಂದಿನದನ್ನು ಹೇಳುತ್ತದೆ. ಆದರೆ ನೂರನೆಯ ಸಾಲಿಗೆ ಎಷ್ಟು ಎಂದು ಯಾರಾದರೂ ಕೇಳಿದರೆ ತೊಂಬತ್ತೊಂಬತ್ತು ಸಲ ಕೂಡಿಸುತ್ತ ಕೂರಬೇಕು. ಕ್ರಮಸಂಖ್ಯೆಯಿಂದ ನೇರವಾಗಿ ಉತ್ತರಕ್ಕೆ ಹಾರುವ ಇನ್ನೊಂದು ಬಗೆಯ ನಿಯಮ ಬೇಕು. ಅದಕ್ಕೂ ಗರಿಕೆಯೇ ಸಾಕು. ಇದೇ ಅಳತೆಯ ಇನ್ನೊಂದು ತ್ರಿಕೋನ ಮಾಡಿ, ತಲೆಕೆಳಗು ಮಾಡಿ ಮೊದಲನೆಯದರ ಪಕ್ಕಕ್ಕೆ ಜೋಡಿಸಿ. 1ರ ಪಕ್ಕ 6, 2ರ ಪಕ್ಕ 5, 3ರ ಪಕ್ಕ 4. ಆರು ಸಾಲಿನಲ್ಲೂ ಏಳೇಳು ಗರಿಕೆ. ಒಟ್ಟು 42, ಅದರ ಅರ್ಧ 21. ಸಾಲುಗಳ ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಬೇಕು, ಇಷ್ಟೇ ನಿಯಮ. ನೂರು ಸಾಲಾದರೆ 100ನ್ನು 101ರಿಂದ ಗುಣಿಸಿ ಅರ್ಧ ಮಾಡಿದರೆ 5050.

ಇಲ್ಲಿ ನಡೆದದ್ದನ್ನು ಗಮನಿಸಿ. ಎರಡು ತ್ರಿಕೋನ ಸೇರಿದರೆ ಆಯತವಾಗುತ್ತದೆ ಎನ್ನುವುದು ಆರು ಸಾಲಿಗೆ ಮಾತ್ರ ನಿಜವಲ್ಲ, ಎಷ್ಟು ಸಾಲಿಗಾದರೂ ನಿಜ. ಆ ಗಳಿಗೆಯಲ್ಲಿ ನಮ್ಮ ಊಹೆ ನಿಯಮವಾಯಿತು. ಹೀಗೆ ಶ್ರೇಢಿಯನ್ನು ಕೂಡಿಸುವ ಲೆಕ್ಕಕ್ಕೆ ಹಳೆಯ ಗಣಿತದಲ್ಲಿ ಸಂಕಲಿತ ಎಂಬ ಹೆಸರಿತ್ತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ಶ್ರೇಢಿಗಳ ಲೆಕ್ಕ ವಿಸ್ತಾರವಾಗಿ ಬರುತ್ತದೆ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತದಂಥ ಕೃತಿಗಳಲ್ಲಿ ಗಣಿತವನ್ನು ಕನ್ನಡಕ್ಕೇ ತಂದ. ಇದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ.

ರಂಗೋಲಿಯ ಚುಕ್ಕಿ

ರಂಗೋಲಿ ಹಾಕುವವರಿಗೆ ಚುಕ್ಕಿಯ ಲೆಕ್ಕ ಬೆರಳ ತುದಿಯಲ್ಲೇ ಇರುತ್ತದೆ. ಚುಕ್ಕಿಯ ಕೆಳಗೇ ಚುಕ್ಕಿ ಬರುವಂತೆ ನೇರವಾಗಿ 1, 3, 5, 7 ಎಂದು ಇಟ್ಟು, ಮತ್ತೆ 5, 3, 1 ಎಂದು ಇಳಿಸುವ ರಂಗೋಲಿಯನ್ನು ತೆಗೆದುಕೊಳ್ಳಿ. ನಡುಸಾಲು 1 ಆಗಿದ್ದರೆ ಒಟ್ಟು ಚುಕ್ಕಿ 1. ನಡುಸಾಲು 3 ಆದರೆ 5. ನಡುಸಾಲು 5 ಆದರೆ 13. ನಡುಸಾಲು 7 ಆದರೆ 25. ವ್ಯತ್ಯಾಸಗಳು 4, 8, 12. ಅವುಗಳ ವ್ಯತ್ಯಾಸ ಎಲ್ಲ ಕಡೆಯೂ 4. ಹಾಗಾದರೆ ನಿಯಮದಲ್ಲಿ ವರ್ಗ ಅಡಗಿದೆ. ಮುಂದಿನ ವ್ಯತ್ಯಾಸ 16, ಮುಂದಿನ ರಂಗೋಲಿಗೆ 41 ಚುಕ್ಕಿ ಬೇಕು. ಇಟ್ಟು ಎಣಿಸಿ ನೋಡಿ, ಸರಿಯಾಗಿರುತ್ತದೆ.

ಯಾಕೆ? ರಂಗೋಲಿಯನ್ನು ನಡುಸಾಲಿನ ಕೆಳಗೆ ಅಡ್ಡವಾಗಿ ಕತ್ತರಿಸಿ. ಮೇಲಿನ ಭಾಗ 1, 3, 5, 7, ಮೊತ್ತ 16. ಕೆಳಗಿನ ಭಾಗ 5, 3, 1, ಮೊತ್ತ 9. ಎರಡೂ ವರ್ಗಸಂಖ್ಯೆಗಳು. ಒಂದರಿಂದ ಶುರುವಾಗಿ ಬೆಸಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ಯಾವಾಗಲೂ ವರ್ಗವೇ ಬರುತ್ತದೆ. ಒಂದು ಚುಕ್ಕಿಯ ಬಲಕ್ಕೂ ಕೆಳಕ್ಕೂ ಮೂಲೆಗೂ ಸೇರಿ 3 ಚುಕ್ಕಿ ಇಟ್ಟರೆ ಎರಡೆರಡರ ಚೌಕ. ಅದರ ಎರಡು ಬದಿಗೆ ಹೀಗೇ ಅಂಚು ಕಟ್ಟಲು 5 ಚುಕ್ಕಿ ಬೇಕು, ಮೂರುಮೂರರ ಚೌಕ. ಒಂದೊಂದು ಅಂಚಿಗೂ ಹಿಂದಿನದಕ್ಕಿಂತ ಎರಡು ಚುಕ್ಕಿ ಹೆಚ್ಚು. ಹೀಗಾಗಿ ನಾಲ್ಕನೆಯ ರಂಗೋಲಿ ಎಂದರೆ 4ರ ವರ್ಗ ಮತ್ತು 3ರ ವರ್ಗ ಕೂಡಿದ್ದು. ಐದನೆಯದು 25 ಮತ್ತು 16, ಒಟ್ಟು 41.

ಇನ್ನು ಸಂದು ಚುಕ್ಕಿಯ ರಂಗೋಲಿ. ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ ಬೀಳುತ್ತದೆ. 7ರಿಂದ 4ಕ್ಕೆ ಎಂದರೆ 4, 5, 6, 7, 6, 5, 4. ಒಟ್ಟು 37. ಅದಕ್ಕಿಂತ ಚಿಕ್ಕದು 5ರಿಂದ 3ಕ್ಕೆ, 19. ಅದಕ್ಕೂ ಚಿಕ್ಕದು 3ರಿಂದ 2ಕ್ಕೆ, 7. ಶುರುವಿನ ಒಂದು ಚುಕ್ಕಿಯನ್ನೂ ಸೇರಿಸಿದರೆ 1, 7, 19, 37. ವ್ಯತ್ಯಾಸ 6, 12, 18. ಆರು ಮೂಲೆಯ ಈ ಆಕಾರದ ಸುತ್ತ ಒಂದೊಂದು ಸುತ್ತು ಚುಕ್ಕಿ ಹೆಚ್ಚಿಸುವಾಗ ಆರು ಬದಿಗೂ ತಲಾ ಒಂದು ಚುಕ್ಕಿ ಹಿಂದಿನ ಸುತ್ತಿಗಿಂತ ಹೆಚ್ಚು ಬೇಕಾಗುತ್ತದೆ. ಮುಂದಿನದು ಎಷ್ಟು ಎಂದು ನೀವೇ ಹೇಳಬಲ್ಲಿರಿ.

ಭಾಮಿನಿಯೊಳಗಿನ ಲೆಕ್ಕ

ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿ ಇಡಗುಂಜಿ ಮಹಾಗಣಪತಿಯ ಹೆಸರನ್ನೇ ಹೊತ್ತದ್ದು. ಆಟ ನೋಡಿದ ಊರಿನಲ್ಲಿ ಭಾಮಿನಿ, ವಾರ್ಧಕ ಎಂಬ ಹೆಸರು ಕಿವಿಗೆ ಹೊಸದಲ್ಲ. ಪ್ರಸಂಗಗಳಲ್ಲಿ ಅವು ಬರುತ್ತವೆ. ಕುಮಾರವ್ಯಾಸನ ಭಾರತ ಪೂರ್ತಿ ಭಾಮಿನಿಯಲ್ಲಿದೆ, ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕದಲ್ಲಿದೆ. ಷಟ್ಪದಿ ಎಂದರೆ ಆರು ಸಾಲಿನ ಪದ್ಯ. 1, 2, 4, 5ನೆಯ ಸಾಲುಗಳು ಒಂದು ಅಳತೆ. 3 ಮತ್ತು 6ನೆಯ ಸಾಲುಗಳು ಅದಕ್ಕಿಂತ ಉದ್ದ. ಷಟ್ಪದಿಗಳು ಆರು ಬಗೆ. ಅವುಗಳ ಗಿಡ್ಡ ಸಾಲು ಮತ್ತು ಉದ್ದ ಸಾಲಿನ ಮಾತ್ರೆಗಳು ಹೀಗಿವೆ:

ಶರ: 8, 14
ಕುಸುಮ: 10, 17
ಭೋಗ: 12, 20
ಭಾಮಿನಿ: 14, 23
ಪರಿವರ್ಧಿನಿ: 16, 26
ವಾರ್ಧಕ: 20, 32

ಪರೀಕ್ಷೆಗಾಗಿ ಈ ಹನ್ನೆರಡು ಸಂಖ್ಯೆಗಳನ್ನು ಉರು ಹೊಡೆದವರು ನಮ್ಮಲ್ಲಿ ಬಹಳ ಮಂದಿ. ಐದು ಹೆಜ್ಜೆ ಇಟ್ಟರೆ ಉರು ಬೇಕಾಗಿಲ್ಲ. ಗಿಡ್ಡ ಸಾಲು 2 ಮಾತ್ರೆ ಬೆಳೆದಾಗ ಉದ್ದ ಸಾಲು 3 ಬೆಳೆಯುತ್ತದೆ. ಅಂದರೆ ಉದ್ದ ಸಾಲು ಗಿಡ್ಡದರ ಒಂದೂವರೆ ಪಟ್ಟಿನ ಲೆಕ್ಕದಲ್ಲಿದೆ. 8ರ ಒಂದೂವರೆ ಪಟ್ಟು 12, ಇರುವುದು 14. 14ರ ಒಂದೂವರೆ ಪಟ್ಟು 21, ಇರುವುದು 23. ಎಲ್ಲ ಕಡೆಯೂ 2 ಹೆಚ್ಚು. ವಾರ್ಧಕದಲ್ಲಿ ಪರೀಕ್ಷಿಸಿ: 20ರ ಒಂದೂವರೆ ಪಟ್ಟು 30, ಎರಡು ಕೂಡಿಸಿದರೆ 32. ಸರಿ.

ಕಾರಣ ಪದ್ಯದ ಕಟ್ಟಡದಲ್ಲೇ ಇದೆ. ಗಿಡ್ಡ ಸಾಲಿನಲ್ಲಿ ಒಂದೇ ಅಳತೆಯ ಎರಡು ತುಂಡುಗಳಿರುತ್ತವೆ. ಭಾಮಿನಿಯಲ್ಲಿ ಆ ತುಂಡು ಮೂರು ಮತ್ತು ನಾಲ್ಕು ಮಾತ್ರೆ ಸೇರಿದ ಏಳು. ಉದ್ದ ಸಾಲಿನಲ್ಲಿ ಅಂಥ ಮೂರು ತುಂಡುಗಳು, ಕೊನೆಗೊಂದು ಗುರು. ಗುರುವಿಗೆ ಎರಡು ಮಾತ್ರೆ. ಆ ಹೆಚ್ಚುವರಿ 2 ಬಂದದ್ದು ಅಲ್ಲಿಂದ. ಇಡೀ ಪದ್ಯದಲ್ಲಿ ಒಟ್ಟು 14 ತುಂಡು, 2 ಗುರು. ಆದ್ದರಿಂದ ತುಂಡಿನ ಮಾತ್ರೆಯನ್ನು 14ರಿಂದ ಗುಣಿಸಿ 4 ಕೂಡಿಸಿದರೆ ಇಡೀ ಷಟ್ಪದಿಯ ಮಾತ್ರೆ ಸಿಗುತ್ತದೆ. ಭಾಮಿನಿಗೆ 102, ವಾರ್ಧಕಕ್ಕೆ 144.

ಈಗ ಗಿಡ್ಡ ಸಾಲುಗಳನ್ನು ಮತ್ತೆ ನೋಡಿ: 8, 10, 12, 14, 16. ವಾರ್ಧಕವನ್ನು ಕೈಯಿಂದ ಮುಚ್ಚಿ ಕೇಳಿದರೆ ಯಾರಾದರೂ ಹೇಳುವುದು 18. ಇರುವುದು 20. ಐದು ಸಲ ಹೊಂದಿದ ಊಹೆ ಆರನೆಯ ಸಲ ಬಿದ್ದುಹೋಯಿತು. ತುಂಡುಗಳನ್ನು ಬಿಡಿಸಿದರೆ ಗುಟ್ಟು ತಿಳಿಯುತ್ತದೆ: 4, 5, 3 ಮತ್ತು 3, 3 ಮತ್ತು 4, 4 ಮತ್ತು 4, 5 ಮತ್ತು 5. ಇವುಗಳ ನಡುವೆ 4 ಮತ್ತು 5 ಸೇರಿದ 9ರ ತುಂಡು ಈ ಆರರಲ್ಲಿ ಇಲ್ಲ. ಅಂಥ ಷಟ್ಪದಿಯನ್ನು ಯಾರಾದರೂ ಕಟ್ಟಿದರೆ ಅದರ ಉದ್ದ ಸಾಲು 29, ಇಡೀ ಪದ್ಯ 130 ಮಾತ್ರೆ ಆಗಲೇಬೇಕು ಎಂದು ನಮ್ಮ ನಿಯಮ ಹೇಳುತ್ತದೆ. ಆದರೆ ಅಂಥದೊಂದು ಇರಲೇಬೇಕು ಎಂದು ಅದು ಹೇಳುವುದಿಲ್ಲ. ಒಂದು ಕಟ್ಟಡದೊಳಗಿನ ಸಂಬಂಧ, ಇನ್ನೊಂದು ಕವಿಗಳ ಆಯ್ಕೆ. ಮೊದಲನೆಯದಕ್ಕೆ ಕಾರಣ ಸಿಕ್ಕಿತು, ನಿಯಮ ನಿಂತಿತು. ಎರಡನೆಯದಕ್ಕೆ ಇದ್ದದ್ದು ಬರೀ ಹೊಂದಾಣಿಕೆ.

ಎರಡು, ನಾಲ್ಕು, ಆರು, ಆಮೇಲೆ?

ಛಂದಸ್ಸಿನಲ್ಲೇ ಇನ್ನೂ ಚೆಂದದ ಒಂದು ಲೆಕ್ಕವಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಲಘು-ಲಘು-ಲಘು, ಗುರು-ಲಘು, ಲಘು-ಗುರು. ಮೂರು ಬಗೆ. ನಾಲ್ಕು ಮಾತ್ರೆಗೆ ಐದು ಬಗೆ, ಐದು ಮಾತ್ರೆಗೆ ಎಂಟು. ಒಂದು ಮಾತ್ರೆಯಿಂದ ಶುರು ಮಾಡಿದರೆ 1, 2, 3, 5, 8, 13. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಕಾರಣ ಸರಳ. ಕೊನೆಯಲ್ಲಿ ಲಘು ಇದ್ದರೆ ಅದಕ್ಕೆ ಮೊದಲು ಒಂದು ಮಾತ್ರೆ ಕಡಿಮೆಯ ಯಾವ ವಿನ್ಯಾಸವೂ ಇರಬಹುದು. ಗುರು ಇದ್ದರೆ ಎರಡು ಮಾತ್ರೆ ಕಡಿಮೆಯದು. ಎರಡನ್ನೂ ಕೂಡಿಸಿದರೆ ಮುಗಿಯಿತು. ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೆ ಮೊದಲೇ ನಮ್ಮ ದೇಶದ ಛಂದಸ್ಸಿನ ಪಂಡಿತರಾದ ವಿರಹಾಂಕ, ಹೇಮಚಂದ್ರ ಮಾತ್ರೆಗಳನ್ನು ಎಣಿಸುತ್ತಲೇ ಈ ಸಾಲಿಗೆ ಬಂದಿದ್ದರು.

ಕನ್ನಡ ಷಟ್ಪದಿಗೆ ಇನ್ನೂ ಒಂದು ಕಟ್ಟುಪಾಡಿದೆ. ಗಣದ ಮೊದಲಲ್ಲಿ ಲಘುವಿನ ಮೇಲೆ ಗುರು ಬರಬಾರದು. ಆ ವಿನ್ಯಾಸಗಳನ್ನು ಬಿಟ್ಟು ಎಣಿಸಿ ನೋಡಿ. ಮೂರು ಮಾತ್ರೆಗೆ 2, ನಾಲ್ಕಕ್ಕೆ 4, ಐದಕ್ಕೆ 6 ಉಳಿಯುತ್ತವೆ. ಇದೇ ಕಟ್ಟುಪಾಡನ್ನು ಆರು ಮಾತ್ರೆಗೂ ಹಚ್ಚಿದರೆ? ಎಲ್ಲರ ಬಾಯಲ್ಲೂ ಬರುವ ಉತ್ತರ 8. ಕೂತು ಬರೆದರೆ ಸಿಗುವುದು 10.

ಯಾಕೆ ಎಂದು ಕೇಳಿದ ಕೂಡಲೇ ಎಲ್ಲ ತಿಳಿಯಾಗುತ್ತದೆ. ಲಘುವಿನ ಮೇಲೆ ಗುರು ಬರಬಾರದು ಎಂದಮೇಲೆ ಗಣ ಶುರುವಾಗುವುದು ಎರಡೇ ರೀತಿಯಲ್ಲಿ: ಒಂದು ಗುರು, ಇಲ್ಲವೇ ಎರಡು ಲಘು. ಎರಡೂ ತಿನ್ನುವುದು ಎರಡೇ ಮಾತ್ರೆ. ಉಳಿದ ಮಾತ್ರೆಗಳನ್ನು ಹೇಗೆ ಬೇಕಾದರೂ ತುಂಬಬಹುದು. ಆರು ಮಾತ್ರೆಯಲ್ಲಿ ಎರಡು ಕಳೆದರೆ ನಾಲ್ಕು, ನಾಲ್ಕಕ್ಕೆ ಐದು ಬಗೆ, ಅದರ ಎರಡು ಪಟ್ಟು ಹತ್ತು. ಹಾಗಾದರೆ 2, 4, 6, 10, 16 ಎನ್ನುವುದು ಮೊದಲಿನ 1, 2, 3, 5, 8ರ ಎರಡು ಪಟ್ಟು ಮಾತ್ರ. ಮೂರೇ ಸಂಖ್ಯೆ ನೋಡಿ ಸಮಾಂತರ ಶ್ರೇಢಿ ಎಂದುಕೊಂಡದ್ದು ಬೇರೆಯೇ ಸಾಲಾಗಿತ್ತು.

ಎಡವುವ ಜಾಗಗಳು

ಒಂದೇ ಮೂರು ಸಂಖ್ಯೆಗಳಿಗೆ ಹಲವು ನಿಯಮಗಳು ಹೊಂದುತ್ತವೆ. 1, 2, 4 ಎಂದ ಕೂಡಲೇ ಮುಂದಿನದು 8 ಎನ್ನಬೇಡಿ. ದೋಸೆಯನ್ನು ನೇರ ಗೆರೆಗಳಲ್ಲಿ, ಸಾಧ್ಯವಾದಷ್ಟು ಹೆಚ್ಚು ತುಂಡಾಗುವಂತೆ ಕತ್ತರಿಸಿ. ಕತ್ತರಿಸದಿದ್ದರೆ 1 ತುಂಡು, ಒಂದು ಗೆರೆಗೆ 2, ಎರಡಕ್ಕೆ 4, ಮೂರಕ್ಕೆ 7, ನಾಲ್ಕಕ್ಕೆ 11. ನಾಲ್ಕನೆಯ ಗೆರೆ ಹಿಂದಿನ ಮೂರು ಗೆರೆಗಳನ್ನು ದಾಟುವಾಗ ನಾಲ್ಕು ತುಂಡುಗಳ ಮೇಲೆ ಹಾದುಹೋಗಿ ನಾಲ್ಕನ್ನೂ ಸೀಳುತ್ತದೆ. ಆದ್ದರಿಂದ 4 ಹೆಚ್ಚು.

ಇನ್ನೊಂದು ಬಲೆ ಇದಕ್ಕಿಂತ ಆಳದ್ದು. ಒಂದು ವೃತ್ತ ಬರೆದು ಅಂಚಿನ ಮೇಲೆ ಚುಕ್ಕಿಗಳನ್ನಿಡಿ. ಪ್ರತಿ ಎರಡು ಚುಕ್ಕಿಗಳನ್ನೂ ಗೆರೆಯಿಂದ ಸೇರಿಸಿ. ಮೂರು ಗೆರೆ ಒಂದೇ ಕಡೆ ಸಂಧಿಸದಂತೆ ನೋಡಿಕೊಳ್ಳಿ. ವೃತ್ತ ಎಷ್ಟು ಭಾಗವಾಯಿತು? ಒಂದು ಚುಕ್ಕಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಎಂದು ಬರೆದುಬಿಡುತ್ತೇವೆ. ಎಣಿಸಿದರೆ 31. ಎಷ್ಟು ಸಲ ಎಣಿಸಿದರೂ 31. ಒಂದು ಗೆರೆ ಒಂದು ಭಾಗವನ್ನೂ, ಎರಡು ಗೆರೆಗಳ ಒಂದು ಸಂಧಿ ಇನ್ನೊಂದು ಭಾಗವನ್ನೂ ಹೆಚ್ಚಿಸುತ್ತದೆ. ಆರು ಚುಕ್ಕಿಗೆ 15 ಗೆರೆ, 15 ಸಂಧಿ, ಮೊದಲಿದ್ದ 1, ಒಟ್ಟು 31. ಇಮ್ಮಡಿಯಾಗುವುದಕ್ಕೆ ಅಲ್ಲಿ ಕಾರಣವೇ ಇರಲಿಲ್ಲ.

ಐದು ಸಲ ಸಾಲದು, ಹತ್ತು ಸಲ ನೋಡಿದರೆ ಸಾಕಲ್ಲವೇ ಎನ್ನಬಹುದು. 41, 43, 47, 53, 61, 71 ಎಂಬ ಸಾಲು ನೋಡಿ. ವ್ಯತ್ಯಾಸ 2, 4, 6, 8, 10. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲಿ ಗಮನಿಸಿದ ಈ ಸಾಲಿನ ಮೊದಲ ನಲವತ್ತು ಸಂಖ್ಯೆಗಳೂ ಅವಿಭಾಜ್ಯವೇ. ನಲವತ್ತೊಂದನೆಯದು 1681. ಅದು 41ನ್ನು 41ರಿಂದ ಗುಣಿಸಿದ್ದು. ನಲವತ್ತು ಸಾಕ್ಷಿಗಳು ಒಂದೇ ಮಾತು ಹೇಳಿದರೂ ಅದು ಪ್ರಮಾಣವಲ್ಲ. ನಿಯಮವನ್ನು ಮುರಿಯಲು ಮಾತ್ರ ಒಂದೇ ಸಾಕ್ಷಿ ಸಾಕು.

ಚೌತಿಯ ಲೆಕ್ಕ ಕೂಡಿಬಂತು

ಈಗ ಮೊದಲಿನ ಹುಡುಗಿಯ ಹತ್ತಿರ ಹೋಗೋಣ. ಅವಳು ಐದನೆಯ ಹೆಜ್ಜೆ ಇಟ್ಟು, 11 ದಿನ ಯಾಕೆ ಹಿಂದೆ ಬರುತ್ತದೆ ಎಂದು ಕೇಳಿದ್ದರೆ ಏನಾಗುತ್ತಿತ್ತು? ಚೌತಿ ಚಾಂದ್ರಮಾನದ ಹಬ್ಬ, ಭಾದ್ರಪದ ಶುದ್ಧ ಚತುರ್ಥಿ. ಹನ್ನೆರಡು ಚಾಂದ್ರಮಾಸಕ್ಕೆ ಸುಮಾರು 354 ದಿನ, ಕ್ಯಾಲೆಂಡರಿನ ವರ್ಷಕ್ಕೆ 365. ಅಂತರ 11. ಅದೇ ಕಾರಣ. ಆದರೆ ಹೀಗೆಯೇ ಬಿಟ್ಟರೆ ಹಬ್ಬ ಹಿಂದೆ ಸರಿಯುತ್ತ ಸರಿಯುತ್ತ ಒಂದು ದಿನ ಬಿರುಬೇಸಿಗೆಗೆ ಬಂದು ನಿಲ್ಲುತ್ತದೆ. ಹಾಗಾಗದಿರಲಿ ಎಂದೇ ಪಂಚಾಂಗದಲ್ಲಿ ಅಧಿಕಮಾಸ ಇದೆ. ಸೂರ್ಯನ ಸಂಕ್ರಮಣವಿಲ್ಲದೆ ಕಳೆಯುವ ಚಾಂದ್ರಮಾಸ ಅಧಿಕ. ಸುಮಾರು 32–33 ತಿಂಗಳಿಗೊಮ್ಮೆ ಅದು ಬರುತ್ತದೆ. 2020ರ ಚೌತಿ ಮುಗಿದ ಮೇಲೆ, ಸೆಪ್ಟೆಂಬರ್ 18ರಿಂದ ಅಕ್ಟೋಬರ್ 16ರವರೆಗೆ ಅಧಿಕ ಆಶ್ವಯುಜ ಬಂತು. 2021ರ ಚೌತಿ ಒಂದು ತಿಂಗಳು ಮುಂದಕ್ಕೆ ಹೋದದ್ದು ಅದರಿಂದ.

ಕಾರಣ ತಿಳಿದವರು ಇನ್ನೂ ದೂರ ನೋಡಬಲ್ಲರು. 19 ವರ್ಷದಲ್ಲಿ 7 ಅಧಿಕಮಾಸ ಬಂದು ಚಾಂದ್ರಮಾನವೂ ಸೌರಮಾನವೂ ಹೆಚ್ಚು ಕಡಿಮೆ ಸರಿಹೊಂದುತ್ತವೆ. ಅಂದರೆ 19 ವರ್ಷಕ್ಕೊಮ್ಮೆ ಚೌತಿ ಅದೇ ದಿನಾಂಕಕ್ಕೆ, ಇಲ್ಲವೇ ಒಂದು ದಿನ ಆಚೀಚೆ ಬರಬೇಕು. ಪರೀಕ್ಷಿಸೋಣ. 2001ರ ಚೌತಿ ಆಗಸ್ಟ್ 22, 2020ರದೂ ಆಗಸ್ಟ್ 22. 2006ರದು ಆಗಸ್ಟ್ 27, 2025ರದೂ ಆಗಸ್ಟ್ 27. 2024ರ ಸೆಪ್ಟೆಂಬರ್ 7ರಿಂದ 2025ರ ಆಗಸ್ಟ್ 27ಕ್ಕೆ 11 ದಿನ ಹಿಂದೆ ಬಂದ ಚೌತಿ, 2026ರಲ್ಲಿ ಅಧಿಕ ಜ್ಯೇಷ್ಠದ ಕಾರಣ ಸೆಪ್ಟೆಂಬರ್ 14ಕ್ಕೆ ಬೀಳುವುದೂ ಈಗ ಆಶ್ಚರ್ಯವೆನಿಸುವುದಿಲ್ಲ.

ಮನೆಯಲ್ಲಿ ಮಾಡಿ ನೋಡಿ

ಮೂರು ಲೆಕ್ಕಗಳು. ಉತ್ತರ ನೋಡುವ ಮೊದಲು ಐದು ಹೆಜ್ಜೆಯನ್ನೂ ನಡೆಯಿರಿ.

1. ಚೌಕಾಕಾರದ ತೋಟದಲ್ಲಿ ಅಡಿಕೆ ಸಸಿಗಳನ್ನು ಸಮ ಅಂತರದಲ್ಲಿ ನೆಟ್ಟಿದೆ. ಬದಿಗೆ 2 ಸಸಿ ಇದ್ದರೆ ಅಂಚಿನಲ್ಲಿರುವುದು 4, ಬದಿಗೆ 3 ಇದ್ದರೆ 8, ಬದಿಗೆ 4 ಇದ್ದರೆ 12. ಬದಿಗೆ 20 ಸಸಿ ಇದ್ದರೆ ಅಂಚಿನಲ್ಲಿ ಎಷ್ಟು?
2. ಮನೆಗೆ ಬಂದ ನೆಂಟರೆಲ್ಲ ಒಬ್ಬರಿಗೊಬ್ಬರು ಒಂದೊಂದು ಸಲ ಕೈಕುಲುಕುತ್ತಾರೆ. ಹತ್ತು ಮಂದಿ ಇದ್ದರೆ ಒಟ್ಟು ಎಷ್ಟು ಕೈಕುಲುಕು?
3. 7, 49, 343, 2401 ಹೀಗೆ ಏಳರಿಂದ ಗುಣಿಸುತ್ತ ಹೋದಾಗ ಕೊನೆಯ ಅಂಕೆ ಹೇಗೆ ಬದಲಾಗುತ್ತದೆ? ನೂರನೆಯ ಸಂಖ್ಯೆಯ ಕೊನೆಯ ಅಂಕೆ ಯಾವುದು?

ಮೊದಲನೆಯದಕ್ಕೆ ಉತ್ತರ 76. ಬದಿಯ ಸಸಿಯಲ್ಲಿ ಒಂದು ಕಳೆದು ನಾಲ್ಕರಿಂದ ಗುಣಿಸಬೇಕು. ಮೂಲೆಯ ಸಸಿಯನ್ನು ಎರಡು ಬದಿಗೂ ಎಣಿಸದಂತೆ ಒಂದು ಕಳೆಯುತ್ತೇವೆ. ಒಂದೇ ಸಸಿ ಇದ್ದಾಗ ಈ ನಿಯಮ 0 ಎನ್ನುತ್ತದೆ, ಇರುವುದು 1. ನಿಯಮ ಎಲ್ಲಿಂದ ಶುರುವಾಗುತ್ತದೆ ಎಂದು ಹೇಳುವುದೂ ನಿಯಮದ ಭಾಗ. ಎರಡನೆಯದಕ್ಕೆ ಉತ್ತರ 45. 1, 3, 6, 10 ಎಂದು ಗರಿಕೆಯ ತ್ರಿಕೋನವೇ ಇಲ್ಲೂ ಬರುತ್ತದೆ. ಹೊಸದಾಗಿ ಬಂದವರು ಮೊದಲೇ ಇದ್ದ ಎಲ್ಲರ ಕೈಯನ್ನೂ ಕುಲುಕಬೇಕಲ್ಲ. ಮೂರನೆಯದಕ್ಕೆ ಉತ್ತರ 1. ಕೊನೆಯ ಅಂಕೆಗಳು 7, 9, 3, 1 ಎಂದು ನಾಲ್ಕು ನಾಲ್ಕಕ್ಕೆ ಮರಳುತ್ತವೆ, 100 ನಾಲ್ಕರಿಂದ ಭಾಗವಾಗುತ್ತದೆ. ಸಂದು ಚುಕ್ಕಿಯ ರಂಗೋಲಿಯಲ್ಲಿ 37ರ ಮುಂದಿನದು 61.

ತಂದೆತಾಯಿಗಳಿಗೂ ಶಿಕ್ಷಕರಿಗೂ ಒಂದು ವಿನಂತಿ. ಮಗು ಮುಂದಿನ ಸಂಖ್ಯೆಯನ್ನು ಹೇಳಿದಾಗ ಸರಿ ಅಥವಾ ತಪ್ಪು ಎಂದು ಕೂಡಲೇ ತೀರ್ಪು ಕೊಡಬೇಡಿ. ಅದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿ. ಅದರ ಮುಂದಿನದು ಎಷ್ಟು, ಎಣಿಸಿ ನೋಡೋಣ ಬಾ ಎಂದು ಕರೆಯಿರಿ. ಊಹೆ ಮುರಿದರೆ ಬೇಸರಪಡದಂತೆ ನೋಡಿಕೊಳ್ಳಿ, ಹೊಸದು ಕಲಿಯುವುದು ಅಲ್ಲಿಂದಲೇ. ಕೊನೆಗೆ, ಯಾಕೆ ಹೀಗೆ ಎಂದು ಮಗುವೇ ಕೇಳುವವರೆಗೆ ತಾಳ್ಮೆಯಿಂದ ಜೊತೆಗೆ ಕುಳಿತಿರಿ. ಈ ವರ್ಷದ ಚೌತಿಗೆ ಗರಿಕೆ ಎಣಿಸುವ ಕೆಲಸವನ್ನು ಮನೆಯ ಮಕ್ಕಳಿಗೇ ಬಿಟ್ಟುಕೊಡಿ.